ಬಂತಾ ಭಾಸ್ಕರ

ಧಾರೇಶ್ವರದಲ್ಲಿ ಭಾಸ್ಕರನ ಮನೆ ಕೇಳಿದರೆ ಯಾವ ಭಾಸ್ಕರ ಅನ್ನುತ್ತಾರೆ. ಬಂತಾ ಭಾಸ್ಕರ ಅಂದರೆ ಸಣ್ಣ ಮಕ್ಕಳೂ ತೋರಿಸುತ್ತವೆ. ನಮ್ಮ ಕೇರಿಯ ಹಂಚಿನ ಮಾಡುಗಳ ಮೇಲೆಲ್ಲ ಟಿವಿ ಆಂಟೆನಾ ನಿಲ್ಲಿಸಿದವನು ಅವನೇ. ಭಟ್ಕಳದಿಂದ ಪೈಪು ತಂದು, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಮಾಡು ಹತ್ತಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ "ಬಂತಾ?" ಎಂದು ಕೂಗುವನು. ಒಳಗಿನವರು "ಬಂತು, ಬಂತು... ಹೋಯ್ತು!" ಅನ್ನಬೇಕು. ಕ್ರಿಕೆಟ್ ಇದ್ದ ದಿನ ಅವನ ಗತ್ತು ನೋಡಬೇಕಿತ್ತು. ತಪ್ಪು ತನ್ನದು ಅಂತ ಅವನು ಒಪ್ಪಿದ್ದನ್ನು ನಾನಂತೂ ಕಂಡಿಲ್ಲ. ಚಿತ್ರ ಬರದಿದ್ದರೆ ಗಾಳಿಯ ತಪ್ಪು, ಟಿವಿಯ ತಪ್ಪು, ಇಲ್ಲವೇ ಒಳಗೆ ಕೂತು ಉತ್ತರ ಹೇಳುವವರ ತಪ್ಪು.

ಬರಬರುತ್ತ ಎಲ್ಲರ ಮನೆಗೂ ಡಿಶ್ ಬಂತು. ಆಂಟೆನಾ ಉಳಿದದ್ದು ಮಂಜಕ್ಕನ ಮನೆಯಲ್ಲಿ ಮಾತ್ರ. ಮಂಜಕ್ಕ ಬುಟ್ಟಿ ಹೊತ್ತು ಹಳದೀಪುರದವರೆಗೂ ಹೋಗಿ ಮೀನು ಮಾರುವವಳು. ಗಂಡ ಬೊಮ್ಮ ತೀರಿಹೋದ ಮೇಲೆ, ಮಧ್ಯಾಹ್ನ ಬಂದು ಟಿವಿ ಹಾಕಿದರೇ ಅವಳ ಮನೆಯಲ್ಲಿ ಇನ್ನೊಂದು ದನಿ. ನಿಜ ಹೇಳಬೇಕೆಂದರೆ ಭಾಸ್ಕರನ ಮನೆಯಲ್ಲೂ ಡಿಶ್ ಇತ್ತು. ರಸ್ತೆಗೆ ಕಾಣದ ಹಾಗೆ ಹಿತ್ತಿಲ ಕಡೆ ಹಾಕಿಸಿದ್ದ, ಕಳ್ಳ!

ಒಂದು ದಿನ ಮಂಜಕ್ಕ ಅವನನ್ನು ದಾರಿಯಲ್ಲಿ ನಿಲ್ಲಿಸಿದಳು. ಅವಳಿಗೆ ಓದು ಬಾರದು.

"ಭಾಸ್ಕರಾ, ಟಿವಿ ಕೆಳಗೆ ಎಂತದೋ ಅಕ್ಷರ ಓಡ್ತದೆ. ಒಂಚೂರು ಬಂದು ಓದಿ ಹೇಳಾ."

"ಎಂತದೋ ಜಾಹೀರಾತು ಅಕ್ಕಾ. ಓಡ್ಲಿ ಬಿಡು."

ಆಮೇಲೆ ಚಿತ್ರವೇ ನಿಂತುಹೋಯಿತು. ಭಾಸ್ಕರ ಮಾಡು ಹತ್ತಿದ, ಆಂಟೆನಾ ತಿರುಗಿಸಿದ, ವಾಯರು ಬದಲಿಸಿದ. ಏನೂ ಬರಲಿಲ್ಲ. ಗೊತ್ತಾಗಲಿಲ್ಲ ಅಂದರೆ ಮುಗಿಯುತ್ತಿತ್ತು, ಆದರೆ ಆ ಮಾತು ಅವನ ಬಾಯಿಂದ ಹೊರಡಬೇಕಲ್ಲ! ಅಂಗಳದ ಮೂಲೆಯ ತೆಂಗಿನಮರದ ಮೇಲೆ ಅವನ ಕಣ್ಣು ಬಿತ್ತು. ಮದುವೆಯಾದ ವರ್ಷ ಬೊಮ್ಮ ನೆಟ್ಟ ಮರ ಅದು.

"ಇದರ ತಲೆ ಅಡ್ಡ ಬರ್ತದೆ ಅಕ್ಕಾ. ಇದು ಇರೂ ತನಕ ಚಿತ್ರ ಬರೂದಿಲ್ಲ."

"ಇಷ್ಟು ವರ್ಷ ಅಡ್ಡ ಆಗದ್ದು ಈಗ ಆತಾ?"

"ಮರ ಬೆಳೆಯೂದಿಲ್ವಾ?"

ಮಂಜಕ್ಕ ಮರದ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟಳು. ಕೊನೆಗೆ, "ಆತು. ನಿಂಗೆ ಗೊತ್ತಿರ್ತದೆ" ಅಂದಳು.

ಮರ ಕಡಿಸುವ ದಿನ ಕೇರಿಯೆಲ್ಲ ಸೇರಿತ್ತು. ಗೊನೆಗಳ ಸಮೇತ ಮರ ಉರುಳಿತು. ಭಾಸ್ಕರ ಮಾಡು ಹತ್ತಿ ಕೂಗಿದ, "ಬಂತಾ?" ಒಳಗಿನಿಂದ ಉತ್ತರವಿಲ್ಲ. ಮತ್ತೆ ತಿರುಗಿಸಿದ. "ಬಂತಾ ಅಕ್ಕಾ?" ಕೆಳಗೆ ಯಾರೋ ಕಿಸಕ್ಕೆಂದರು. ಆಗ ಒಳಗಿನಿಂದ ಮಂಜಕ್ಕನ ದನಿ ಕೇಳಿತು: "ಬಂತು! ಬಂತು ಭಾಸ್ಕರಾ, ಸಾಕು, ಇಳಿ!"

ಎದೆಯುಬ್ಬಿಸಿಕೊಂಡು ಇಳಿದ. "ನಾ ಹೇಳ್ಲಿಲ್ವಾ?" ಎಂದು ಎಲ್ಲರ ಮುಖ ನೋಡಿದ. ಆ ಮರದ್ದೇ ಎಳನೀರು ಕುಡಿದು ಮನೆಗೆ ಹೋದ. ಒಳಗೆ ಹೋಗಿ ಟಿವಿ ನೋಡುವ ಜರೂರು ಅವನಿಗೆ ಕಾಣಲಿಲ್ಲ.

ಮರುದಿನ ಕುಮಟೆಯಲ್ಲಿ ಗಿರೀಶನ ಟಿವಿ ಅಂಗಡಿಯಲ್ಲಿ ಕೂತು ಈ ಕತೆಯನ್ನು ಕೊಚ್ಚಿಕೊಂಡನಂತೆ. ಗಿರೀಶ ಬಾಯಿ ಬಿಟ್ಟು ನೋಡಿದ. "ಚಿತ್ರ ಎಲ್ಲಿಂದ ಬರ್ತದೆ ಮಾರಾಯಾ? ಆಂಟೆನಾಕ್ಕೆ ಬಿಡ್ತಿದ್ದ ಪ್ರಸಾರನೇ ಬಂದ್ ಮಾಡಿದ್ರಲ್ಲ. ಇನ್ನೆಲ್ಲ ಡಿಜಿಟಲ್, ಡಿಶ್ ಬೇಕು. ಟಿವಿ ಕೆಳಗೆ ಅಕ್ಷರ ಓಡಿಸಿ ಹೇಳ್ತಾನೇ ಇದ್ರು, ನೀ ಓದ್ಲಿಲ್ವಾ?"

ಭಾಸ್ಕರ ಬಸ್ಸಿಳಿದವನು ಮನೆಗೂ ಹೋಗದೆ ಮಂಜಕ್ಕನ ಬಾಗಿಲಿಗೆ ಬಂದ. ಟಿವಿ ಹಾಕಿಯೇ ಇತ್ತು. ಪರದೆಯ ತುಂಬ ಹೊಯ್ಗೆ ಎರಚಿದ ಹಾಗೆ ಬಿಳಿ ಚುಕ್ಕೆ, ಬರೀ ಸುಂಯ್ ಸದ್ದು. ಅದರ ಮುಂದೆ ಮಂಜಕ್ಕ ಗಂಜಿ ಉಣ್ಣುತ್ತಿದ್ದಳು.

"ನಿನ್ನೆ ಬಂತು ಅಂದ್ಯಲ್ಲ ಅಕ್ಕಾ?"

"ಕೆಳಗೆ ಎಲ್ಲರೂ ನಗ್ತಿದ್ರು ತಮ್ಮಾ. ಮರ ಹೆಂಗೂ ಹೋಗಿತ್ತು. ನಿನ್ನ ಮರ್ಯಾದೆನೂ ಯಾಕೆ ಹೋಗ್ಬೇಕು?"

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಅವನು ಹೆಂಡತಿ ಹೊನ್ನಮ್ಮನ ಹತ್ತಿರ ಹೇಳಿ ಅತ್ತನಂತೆ. ಇಷ್ಟೂ ನನಗೆ ಗೊತ್ತಾದದ್ದು ಹೊನ್ನಮ್ಮನಿಂದಲೇ. ಹಿತ್ತಿಲ ಡಿಶ್ ಬಿಚ್ಚಿಸಿ ಮಂಜಕ್ಕನ ಮನೆಗೆ ಹಾಕಿಸಿದ. ಹಾಕಲು ಗಿರೀಶನನ್ನು ಕಳಿಸಿದ, ತಾನು ಹೋಗಲಿಲ್ಲ. ಆ ಅಂಗಳದಲ್ಲಿ ಈಗ ಬುಡವೊಂದೇ ಉಳಿದಿದೆ. ಬಸ್ಸಿಗೆ ಹೋಗಲು ಅದರೆದುರೇ ಹಾಯಬೇಕಾದ್ದರಿಂದ ಭಾಸ್ಕರ ಗದ್ದೆಬದಿಯಲ್ಲಿ ಸುತ್ತಿ ಹೋಗುತ್ತಾನೆ. ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದ ನಾನೂ ಈಗ ಬಂತಾ ಎಂದು ಕರೆಯುವುದಿಲ್ಲ. ಅವನ ಮುಖ ನೋಡಿದರೆ ನನಗೇ ನಾಚಿಕೆಯಾಗುತ್ತದೆ.

ಮೊನ್ನೆ ಅವನ ಜಗಲಿಯಲ್ಲಿ ಕೂತಿದ್ದೆ. ಮೀನು ತಂದ ಮಂಜಕ್ಕನ ಕೂಗು ಕೇಳಿದ್ದೇ ಭಾಸ್ಕರ ಎದ್ದು ಒಳಕೋಣೆ ಸೇರಿದ. "ಭಾಸ್ಕರ ಇಲ್ವಾ?" ಎಂದು ಅವಳು ಕೇಳಿದಳು. ಹೊನ್ನಮ್ಮ ತಲೆ ತಗ್ಗಿಸಿ, "ಪೇಟೆಗೆ ಹೋಗಿದಾರೆ" ಅಂದಳು. ಅವನ ಚಪ್ಪಲಿ ಮೆಟ್ಟಿಲ ಮೇಲೇ ಇತ್ತು. ಮಂಜಕ್ಕ ಅದನ್ನು ನೋಡಿದಳು. ದೊಡ್ಡ ದೊಡ್ಡ ಬಂಗಡೆಗಳನ್ನೇ ಆರಿಸಿ ಹೊನ್ನಮ್ಮನ ಪಾತ್ರೆಗೆ ಹಾಕಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ, "ಆತು, ಪೇಟೆಯಿಂದ ಬಂದ್ಮೇಲೆ ಹುರಿದು ಕೊಡು" ಎಂದು ಬುಟ್ಟಿ ಎತ್ತಿಕೊಂಡಳು.