ಗುಟ್ಟಿನ ಪುಟದ ಸೀಲು

ಇವತ್ತು ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆದಾಗ ಒಳಗಿಂದ ದಾಲ್ಚಿನ್ನಿ ಎಲೆಯ ವಾಸನೆ ಬಂತು. ನಮ್ಮ ಪಂಚಾಯತಿನ ಗ್ರಂಥಾಲಯಕ್ಕೆ ಇರುವ ವಾಸನೆ ಅದಲ್ಲ. ಇಲ್ಲಿ ಇರುವುದು ಹಳೆಯ ಪೇಪರು, ನುಸಿಗುಳಿಗೆ ಮತ್ತು ಪಕ್ಕದ ಹೋಟೆಲಿನವರು ಗೋಳಿಬಜೆ ಕಾಯಿಸುವ ಎಣ್ಣೆ, ಈ ಮೂರೂ ಸೇರಿದ ವಾಸನೆ. ದಿನವೂ ಒಳಗೆ ಬಂದ ಕೂಡಲೇ ಕಿಟಕಿ ತೆರೆಯುವ ನಾನು ಇವತ್ತು ತೆರೆಯಲಿಲ್ಲ. ವಾಸನೆ ಬರುತ್ತಿದ್ದದ್ದು ಎದುರಿನ ಕಪಾಟಿನಲ್ಲಿ ಕಣ್ಣಿಗೆ ನೇರ ಬೀಳುವಂತೆ ಇಟ್ಟ ಒಂದು ದೊಡ್ಡ ಡ್ರಾಯಿಂಗ್ ಪುಸ್ತಕದಿಂದ. ಹತ್ತು ಗಂಟೆಗೆ ತಪಾಸಣೆಯ ಅಧಿಕಾರಿ ಬರುತ್ತಾರಂತೆ. ಬರಲಿ. ಆ ಪುಸ್ತಕ ಅಲ್ಲಿಂದ ಕದಲುವುದಿಲ್ಲ.

ನಾನು ಇಲ್ಲಿಯ ಮೇಲ್ವಿಚಾರಕಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗುಡಿಸುವುದು, ಒರೆಸುವುದು, ಬಾಗಿಲು ತೆರೆಯುವುದು, ಹಾಕುವುದು ನನ್ನ ಕೆಲಸ. ಓದಿದ್ದು ಏಳನೆಯವರೆಗೆ. ಸೇರಿದ ಹೊಸತರಲ್ಲಿ ಒಂದು ದಿನ ತುಂಬ ಉತ್ಸಾಹ ಬಂದು ಪುಸ್ತಕಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ದೆ. ದೊಡ್ಡವು ಹಿಂದೆ, ಸಣ್ಣವು ಮುಂದೆ, ಶಾಲೆಯ ಗ್ರೂಪ್ ಫೋಟೋದ ಹಾಗೆ. ಮೇಲ್ವಿಚಾರಕಿ ಮೇಡಂ ಬಂದು ಸ್ವಲ್ಪ ಹೊತ್ತು ನೋಡಿದರು. “ಚಂದ ಕಾಣ್ತದೆ ಅಕ್ಕ. ಆದರೆ ಇನ್ನು ಒಂದು ಪುಸ್ತಕವೂ ಸಿಕ್ಕುದಿಲ್ಲ” ಎಂದರು.

ಅವರಿಗೆ ಎರಡು ಗ್ರಂಥಾಲಯಗಳ ಜವಾಬ್ದಾರಿ. ಆದ್ದರಿಂದ ಅರ್ಧ ದಿನ ಇಲ್ಲಿ, ಅರ್ಧ ದಿನ ಅಲ್ಲಿ. ಹಾಗಾಗಿ ನನಗೂ ಕೆಲವು ಕೆಲಸ ಕಲಿಸಿದರು. ಹೊಸ ಪುಸ್ತಕ ಬಂದರೆ ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ನಂಬರು ಬೀಳಬೇಕು, ಮೊದಲ ಪುಟಕ್ಕೆ ಸೀಲು ಬೀಳಬೇಕು. ಆಮೇಲೆ ಒಳಗೆಲ್ಲೋ ಒಂದು ಗುಟ್ಟಿನ ಪುಟಕ್ಕೆ ಇನ್ನೊಂದು ಸೀಲು. ಕದ್ದವರು ಮೊದಲ ಪುಟ ಹರಿದರೂ ಒಳಗಿನ ಸೀಲು ಉಳಿಯುತ್ತದೆ, ಪುಸ್ತಕ ಯಾರದ್ದೆಂದು ಹೇಳುತ್ತದೆ. ನಮ್ಮಲ್ಲಿ ಆ ಪುಟ ಯಾವುದೆಂದು ಹೊರಗಿನವರಿಗೆ ಹೇಳಬಾರದು ಎಂದು ಮೇಡಂ ಎಚ್ಚರಿಸಿದ್ದರು. ಅಂಥ ಗುಟ್ಟು ಗೊತ್ತಿದೆ ಎಂಬುದೇ ನನಗೆ ಪದವಿ ಸಿಕ್ಕಿದಷ್ಟು ಹೆಮ್ಮೆಯಾಗಿತ್ತು. ತಪ್ಪು ಹುಟ್ಟಿದ್ದು ಆ ಹೆಮ್ಮೆಯಲ್ಲೇ ಇರಬೇಕು.

ನಾವು ಮಲೆಕುಡಿಯರು, ಊರವರ ಬಾಯಲ್ಲಿ ಬರೀ ಕುಡಿಯರು. ಜೀಪು ನಿಲ್ಲುವಲ್ಲಿಂದ ಇನ್ನೂ ಮೇಲೆ ಗುಡ್ಡ ಹತ್ತಿದರೆ ನಮ್ಮ ಮನೆಗಳು. ಶಾಲೆಯಲ್ಲಿದ್ದಾಗ ನಾನು ಬಾಯಿ ಬಿಟ್ಟರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಬಾಯಿ ಮುಚ್ಚಿದೆ. ಮುಚ್ಚಿದ ಬಾಯಿ ಏಳನೆಯಲ್ಲಿ ಶಾಲೆಯನ್ನೂ ಬಿಡಿಸಿತು. ತಂಗಿ ಸುಮತಿ ಹಾಗಲ್ಲ, ನಕ್ಕವರನ್ನು ತಿರುಗಿ ನೋಡುವವಳು. ಪುತ್ತೂರಿನ ಹಾಸ್ಟೆಲಿನಲ್ಲಿದ್ದು ಕಲಿತು, ಎರಡು ವರ್ಷದ ಹಿಂದೆ ನಮ್ಮದೇ ಊರಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಳು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ನೇರ ಇಲ್ಲಿಗೆ ಬರುತ್ತಿದ್ದಳು. ಹೊಸ ಟೀಚರಿಗೆ ಗೊತ್ತಿಲ್ಲದ್ದನ್ನು ಕೇಳಲು ಒಂದು ಜಾಗ ಬೇಕು, ನೀವು ಒಪ್ಪುತ್ತೀರಿ ತಾನೆ? ಶಾಲೆಯಲ್ಲಿ ಕೇಳಿದರೆ ಇವಳಿಗೆ ಗೊತ್ತಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಮನೆಯಲ್ಲಿ ಕೇಳಿದರೆ ಉತ್ತರ ಗೊತ್ತಿದ್ದವರಿಲ್ಲ. ಕಪಾಟಿನ ಎದುರು ನಿಂತು ಕೇಳಿದರೆ ನಗುವವರಿಲ್ಲ. ಅವಳ ಮೂರನೆಯ ತರಗತಿಯಲ್ಲಿ ನಮ್ಮ ಗುಡ್ಡದ ಮಕ್ಕಳು ಹಲವರಿದ್ದರು, ಅವರಲ್ಲೊಬ್ಬಳು ಹರ್ಷಿತಾ. ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದಳು, ಅಷ್ಟೆ. ತಿಂಗಳುಗಟ್ಟಲೆ ಒಂದು ಮಾತಿಲ್ಲ. ಅಂಥ ಮಕ್ಕಳಿಗೆ ಹೇಗೆ ಕಲಿಸುವುದು ಎಂದು ಹುಡುಕಲು ಸುಮತಿ ಬರುತ್ತಿದ್ದಳು.

ನಮ್ಮ ಬಗ್ಗೆ ಇಡೀ ಗ್ರಂಥಾಲಯದಲ್ಲಿ ಇದ್ದದ್ದು ಎರಡು ಪುಟ, ಒಂದು ದಪ್ಪ ಪುಸ್ತಕದ ಒಳಗೆ. ಇವರು ಹೀಗೆ ಜೇನು ತೆಗೆಯುತ್ತಿದ್ದರು, ಹೀಗೆ ಬುಟ್ಟಿ ಹೆಣೆಯುತ್ತಿದ್ದರು, ಹೀಗೆ ಬದುಕುತ್ತಿದ್ದರು ಎಂದು. ಸುಮತಿ ಓದಿ ಪುಸ್ತಕ ಮುಚ್ಚಿ ನನ್ನನ್ನು ನೋಡಿದಳು.

“ಅಕ್ಕ, ನಾವು ಸತ್ತದ್ದು ಯಾವಾಗ?”

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಅದು ಇನ್ನೂ ಸ್ವಲ್ಪ ಚುಚ್ಚುತ್ತದೆ.

ಮುಂದಿನ ಶನಿವಾರ ಅವಳು ತರಗತಿಯ ಮಕ್ಕಳನ್ನೂ ಹರ್ಷಿತಾಳ ಅಜ್ಜಿಯನ್ನೂ ಕರೆದುಕೊಂಡು ಬಂದಳು. ಅಜ್ಜಿ ಗ್ರಂಥಾಲಯದ ಜಗಲಿಯಲ್ಲಿ ಕುಳಿತು ಬುಟ್ಟಿ ಹೆಣೆಯುವ ಬಳ್ಳಿಗಳನ್ನು ಸೀಳತೊಡಗಿದರು. ಯಾವ ಬಳ್ಳಿ ಯಾವುದಕ್ಕೆ, ಯಾವುದನ್ನು ಎಷ್ಟು ದಿನ ನೀರಿನಲ್ಲಿ ಹಾಕಬೇಕು, ಒಂದೊಂದೇ ಹೇಳಿದರು. ಏಳು ಬಗೆಯ ಬಳ್ಳಿ. “ಒರೆಸಿದ ನೆಲ, ಕಸ ಆಗ್ತದೆ” ಎಂದು ನಾನು ಎರಡು ಸಲ ಹೇಳಿದೆ. ನಾಚಿಕೆಯಾದರೂ ಬರೆಯುತ್ತಿದ್ದೇನೆ. ಸುಮತಿ ಒಂದು ಬಳ್ಳಿ ಎತ್ತಿ “ಇದರಲ್ಲಿ ಬುಟ್ಟಿ ಮಾಡುದಲ್ವಾ ಅಜ್ಜಿ?” ಎಂದಳು. ಅಜ್ಜಿ ಬಾಯಿ ತೆರೆಯುವ ಮೊದಲೇ ಹರ್ಷಿತಾ ಹೇಳಿದಳು:

“ಅದು ಆಗುದಿಲ್ಲ ಟೀಚರ್. ಮುರೀತದೆ. ಅದು ಕಟ್ಟಿಗೆ ಕಟ್ಟುದಕ್ಕೆ.”

ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಸುಮತಿ ಏನೂ ಆಗದವಳಂತೆ “ಹೌದಾ? ನನಗೆ ಗೊತ್ತಿರಲಿಲ್ಲ ಮಾರಾಯ್ತಿ” ಎಂದಳು. ಅವಳು ಒಳ್ಳೆಯ ಟೀಚರು ಎಂದು ನನಗೆ ಗೊತ್ತಾದದ್ದು ಆಗ.

ಆ ಮಳೆಗಾಲವಿಡೀ ಶನಿವಾರ ಶನಿವಾರ ಮಕ್ಕಳು ಒಂದು ಪುಸ್ತಕ ಮಾಡಿದರು. ಮನೆಯಲ್ಲಿ ಕೇಳಿಕೊಂಡು ಬಂದದ್ದನ್ನು ತುಳುವಿನ ಮಾತಿನಲ್ಲೇ ಕನ್ನಡ ಅಕ್ಷರದಲ್ಲಿ ಬರೆದರು, ಚಿತ್ರ ಬಿಡಿಸಿದರು, ಎಲೆ ಅಂಟಿಸಿದರು. ಬಳ್ಳಿಗಳ ಪುಟ ಹರ್ಷಿತಾ ಮತ್ತು ಅಜ್ಜಿಯದ್ದು. ಮುಗಿದ ದಿನ ಸುಮತಿ ಅದನ್ನು ನನ್ನ ಕೈಗೆ ಕೊಟ್ಟು “ಅಕ್ಕ, ಕಪಾಟಿನಲ್ಲಿಡು. ಉಳಿದ ಪುಸ್ತಕಗಳ ಹಾಗೆಯೇ” ಎಂದಳು. ಇಟ್ಟೆ.

ಹದಿನೈದು ದಿನದಲ್ಲಿ ತಪಾಸಣೆಗೆ ಅಧಿಕಾರಿ ಬಂದರು. ಮೇಡಂ ಇನ್ನೊಂದು ಊರಿನಲ್ಲಿದ್ದರು. ಅಧಿಕಾರಿ ಒಳ್ಳೆಯ ಮನುಷ್ಯರೇ, ಗದರಿಸಲಿಲ್ಲ. ಪುಸ್ತಕ ಎತ್ತಿ ಪುಟ ತಿರುಗಿಸಿದರು.

“ಇದೆಂತ? ಯಾರದ್ದು?”

“ಅದು ಮೇಲಿನ ಗುಡ್ಡೆಯ ಕುಡಿಯರ ಮಕ್ಕಳದ್ದು ಸಾರ್. ಬಿಟ್ಟುಹೋದದ್ದು ಕಾಣ್ತದೆ.”

ಗುಡ್ಡೆಯ ಕುಡಿಯರು. ನಾನು ಬೇರೆ ಯಾರೋ ಎಂಬಂತೆ. ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದರೆ ಆಗ ನನಗೇ ಗೊತ್ತಾಗಲಿಲ್ಲ. ಅವರು “ಸೀಲು ಹಾಕಿ, ಇಲ್ಲದಿದ್ರೆ ತೆಗೆದಿಡಿ” ಎಂದು ಹೇಳಿ ಜೀಪು ಹತ್ತಿದರು. ಸೀಲು ಮೇಜಿನ ಮೇಲೇ ಇತ್ತು, ಶಾಯಿಯ ಡಬ್ಬಿಯೂ ಇತ್ತು. ನಾನು ಪುಸ್ತಕವನ್ನು ತೆಗೆದು ಹಳೆಯ ಪೇಪರಿನ ಕಟ್ಟಿನ ಮೇಲೆ ಇಟ್ಟೆ. ಆ ವಾರ ಗುಜರಿಯವನ ಟೆಂಪೊ ಬಂದು ಕಟ್ಟನ್ನೆಲ್ಲ ಒಯ್ದಿತು. ಮರೆತೆ ಎಂದು ಹೇಳಬಹುದಿತ್ತು. ಮರೆತಿರಲಿಲ್ಲ. ಟೆಂಪೊ ತಿರುವು ದಾಟುವವರೆಗೆ ನೋಡುತ್ತ ನಿಂತಿದ್ದೆ.

ಶನಿವಾರ ಮಕ್ಕಳು ಕಪಾಟು ಹುಡುಕಿದರು. “ಅಕ್ಕ, ನಮ್ಮ ಪುಸ್ತಕ ಎಲ್ಲಿ?” ನನ್ನ ಬಾಯಿಗೆ ಬಂದದ್ದು ಇದು: “ಯಾರೋ ಓದ್ಲಿಕ್ಕೆ ಕೊಂಡೋಗಿದ್ದಾರೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕುಣಿದರು. ತಮ್ಮ ಪುಸ್ತಕವನ್ನು ಯಾರೋ ಓದಲು ಕೊಂಡುಹೋಗಿದ್ದಾರೆ. ಸುಮತಿಯ ಮುಖ ಕೂಡ ಅರಳಿತು. ಅಂದಿನಿಂದ ಹರ್ಷಿತಾ, ಮಾತೇ ಆಡದ ಆ ಹುಡುಗಿ, ಪ್ರತಿ ಶನಿವಾರ ನೇರ ನನ್ನ ಹತ್ತಿರ ಬಂದು ಕೇಳುತ್ತಿದ್ದಳು: “ಓದಿ ಆಯ್ತಂತಾ?” ನಾನು ಪೊರಕೆ ಹಿಡಿದು ಜಗಲಿಗೆ ಹೋಗುತ್ತಿದ್ದೆ. ಆ ದಿನಗಳಲ್ಲಿ ಗ್ರಂಥಾಲಯದ ಜಗಲಿಯಷ್ಟು ಸ್ವಚ್ಛವಾದ ಜಗಲಿ ನಮ್ಮ ತಾಲೂಕಿನಲ್ಲೇ ಇರಲಿಲ್ಲ.

ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಹನ್ನೆರಡು ದಿನ ಕಳೆದು ಹರ್ಷಿತಾ ಬಂದಳು. ಅವತ್ತು ಪ್ರಶ್ನೆ ಬೇರೆ ಇತ್ತು. “ಅಕ್ಕ, ಆ ಪುಸ್ತಕ ಒಮ್ಮೆ ತರಿಸ್ತೀರಾ? ಅಜ್ಜಿಯ ಪುಟ ನೋಡ್ಲಿಕ್ಕುಂಟು.”

ಅಂದು ಸಂಜೆ ಗುಡ್ಡ ಹತ್ತುವಾಗ ದಾರಿಯಲ್ಲೇ ಸುಮತಿಗೆ ಹೇಳಿದೆ. ಅವಳು ನಿಂತಳು.

“ಅಧಿಕಾರಿ ತೆಗೀಲಿಕ್ಕೇ ಹೇಳಿದ್ದಾ?”

“ಸೀಲು ಹಾಕಿ, ಇಲ್ಲದಿದ್ರೆ ತೆಗೆದಿಡಿ ಅಂತ.”

“ಸೀಲು ಎಲ್ಲಿತ್ತು?”

“ಮೇಜಿನ ಮೇಲೆ.”

ಅವಳು ನನ್ನನ್ನು ಬಿಟ್ಟು ಗುಡ್ಡ ಹತ್ತಿದಳು. ಎರಡು ಶನಿವಾರ ಬರಲಿಲ್ಲ. ಮೂರನೆಯ ಶನಿವಾರ ಮಕ್ಕಳನ್ನೆಲ್ಲ ಕರೆದುಕೊಂಡು ಬಂದು, ಬಾಗಿಲಲ್ಲೇ ನಿಂತು ಹೇಳಿದಳು: “ನನ್ನ ಹತ್ರ ಹೇಳಿದ್ರೆ ಸಾಕಾಗುದಿಲ್ಲ ಅಕ್ಕ. ಪುಸ್ತಕ ನನ್ನದಲ್ಲ.”

ಹೇಳಿದೆ. ಯಾರೂ ಕೊಂಡುಹೋಗಿರಲಿಲ್ಲ, ನಾನೇ ಗುಜರಿಗೆ ಹಾಕಿದೆ, ನಿಮ್ಮನ್ನು ಯಾರೋ ಎಂದೆ, ನಾನೂ ನಿಮ್ಮವಳೇ ಎಂದು ಹೇಳಲಿಲ್ಲ. ಮಕ್ಕಳು ನೆಲ ನೋಡುತ್ತಿದ್ದರು. ಹರ್ಷಿತಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಹಾಗಾದ್ರೆ ಯಾರೂ ಓದಲೇ ಇಲ್ಲವಾ?”

ಆ ಹುಡುಗಿ ನನ್ನನ್ನು ಕ್ಷಮಿಸಿದಳು ಎಂದು ಬರೆದರೆ ನಿಮಗೂ ಹಗುರ, ನನಗೂ ಹಗುರ. ಅವಳು ಕ್ಷಮಿಸಲಿಲ್ಲ, ಹೊಸ ಡ್ರಾಯಿಂಗ್ ಪುಸ್ತಕ ಕೇಳಿದಳು.

ಎರಡನೆಯ ಸಲ ಬೇಗ ಆಯಿತು. ಬಳ್ಳಿಗಳ ಪುಟಕ್ಕೆ ಬಂದಾಗ ಅವಳಿಗೆ ನಾಲ್ಕರ ಹೆಸರು ನೆನಪಿತ್ತು. ಉಳಿದ ಮೂರನ್ನು ಗುಡ್ಡದ ಮನೆ ಮನೆಗೆ ಹೋಗಿ ಕೇಳಿದೆವು. ಒಬ್ಬೊಬ್ಬರು ಒಂದೊಂದು ಹೇಳಿದರು, ಅವಳು ಒಪ್ಪಲಿಲ್ಲ. “ಅಜ್ಜಿ ಹೇಳಿದ್ದು ಅದಲ್ಲ” ಎಂದು ಮೂರು ಗೆರೆ ಹಾಗೇ ಖಾಲಿ ಬಿಟ್ಟಳು. ಅವನ್ನು ಖಾಲಿ ಮಾಡಿದವಳು ನಾನು. ಪುಸ್ತಕ ತೆರೆದವರಿಗೆಲ್ಲ ಅದು ಕಾಣುತ್ತದೆ, ಕಾಣಲಿ.

ಆ ಪುಟವನ್ನು ಹದಿನೇಳನೆಯದಾಗಿ ಮಾಡಲು ಹೇಳಿದ್ದು ನಾನೇ. ನಮ್ಮ ಗ್ರಂಥಾಲಯದ ಗುಟ್ಟಿನ ಪುಟ ಹದಿನೇಳು. ಹೊರಗಿನವರಿಗೆ ಹೇಳಬಾರದಿತ್ತು, ನಿಮಗೆ ಹೇಳಿದೆ. ದಾಖಲೆ ಪುಸ್ತಕದಲ್ಲಿ ನನ್ನ ಸೊಟ್ಟ ಅಕ್ಷರದಲ್ಲಿ ನಂಬರು ಹಾಕಿ, ಬರೆದವರ ಹೆಸರಿನ ಜಾಗದಲ್ಲಿ ಮಕ್ಕಳೆಲ್ಲರ ಹೆಸರು ತುರುಕಿ, ಮೊದಲ ಪುಟಕ್ಕೊಂದು, ಖಾಲಿ ಗೆರೆಗಳ ಕೆಳಗೆ ಒಂದು ಸೀಲು ಒತ್ತಿದೆ. ಮರುದಿನ ಮೇಡಂ ನೋಡಿ ತಲೆಗೆ ಕೈಯಿಟ್ಟರು.

“ಅಕ್ಕ, ಅಚ್ಚಾಗದ್ದನ್ನು ಸೇರಿಸಿಕೊಳ್ಬಹುದು ಅಂತ ಎಲ್ಲಿಯೂ ಬರೆದಿಲ್ಲ.”

“ಸೇರಿಸಬಾರದು ಅಂತ ಬರೆದುಂಟಾ ಮೇಡಂ?”

ಅವರು ನಿಯಮದ ಪುಸ್ತಕ ತಂದು ಹುಡುಕಿದರು. ಆಮೇಲೆ ನಾನು ಬರೆದ ಸಾಲಿನ ಕೊನೆಗೆ ಸಹಿ ಹಾಕಿದರು.

ಅಚ್ಚಾದದ್ದಕ್ಕೆ ಮಾತ್ರ ಇಲ್ಲಿ ಜಾಗ ಎನ್ನುವವರಿಗೆ ನನ್ನದೊಂದು ಪ್ರಶ್ನೆ ಇದೆ. ಬದುಕಿರುವವರನ್ನು ಸತ್ತವರೆಂದು ಅಚ್ಚು ಹಾಕಿದ ಎರಡು ಪುಟಕ್ಕೆ ನೀವು ಸೀಲು ಹಾಕಿದ್ದೀರಿ. ಎದುರು ಕುಳಿತು ಮಾತಾಡುವ ಮಗುವಿನ ಪುಟಕ್ಕೆ ಹಾಕಿದರೆ ಶಾಯಿ ಮುಗಿಯುತ್ತದೆಯೇ? ಹೊಸ ಟೀಚರಿಗೆ ತರಬೇತಿ ಕೊಡುವವರು ಕೊಡಲಿ. ಅವಳು ಇಲ್ಲಿ ಬಂದು ಕುಳಿತಾಗ ಅವಳ ಮಕ್ಕಳ ಮನೆಯ ಮಾತು ಕಪಾಟಿನಲ್ಲಿ ಸಿಗಬೇಕು. ಸಿಗದಿದ್ದರೆ ಮಾಡಿ ಇಡಲು ಜಗಲಿ ಇರಬೇಕು. ಕಸ ಗುಡಿಸಲು ನಾನಿದ್ದೇನೆ.

ಕಳೆದ ವಾರ ಆ ಪುಸ್ತಕ ಮೊದಲ ಸಲ ಹೊರಗೆ ಹೋಗಿತ್ತು. ಕೊಂಡುಹೋದವರು ಕೊಪ್ಪಳದ ಕಡೆಯವರು, ಪಕ್ಕದ ಊರಿನ ಶಾಲೆಗೆ ಹೊಸತಾಗಿ ಬಂದ ಟೀಚರು. “ಮಕ್ಕಳು ಏನ್ ಮಾತಾಡ್ತಾರ ಒಂದೂ ತಿಳಿವಲ್ದು ಅಕ್ಕಾರ” ಎಂದು ಬಂದವರಿಗೆ ನಾನೇ ಕೊಟ್ಟೆ. ನಿನ್ನೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹಿಂದಿರುಗಿಸಿದರು. ಅವಸರದಲ್ಲಿ ತೆರೆದು ನೋಡದೆ ಕಪಾಟಿಗೆ ಸೇರಿಸಿದ್ದೆ. ಈಗ ತೆರೆದು ನೋಡಿದರೆ ಒಳಗೆ ನಾವು ಅಂಟಿಸದ ಒಂದು ದಾಲ್ಚಿನ್ನಿ ಎಲೆ, ಇನ್ನೂ ಪೂರ್ತಿ ಒಣಗಿಲ್ಲ. ಅದರ ಜೊತೆ ಒಂದು ಚೀಟಿ, ಆ ಟೀಚರ ಶಾಲೆಯ ಯಾವುದೋ ಮಗುವಿನ ಅಕ್ಷರ: “ನಮ್ಮ ಗುಡ್ಡೆಯಲ್ಲಿಯೂ ಉಂಟು.”

ಶನಿವಾರ ಹರ್ಷಿತಾ ಬಂದರೆ ಈ ಸಲ ನಾನು ಪೊರಕೆ ಹಿಡಿಯುವುದಿಲ್ಲ. ಓದಿ ಆಯಿತಂತೆ ಎಂದು ಹೇಳಿ ಚೀಟಿಯನ್ನು ಕೈಗೆ ಕೊಡುತ್ತೇನೆ.

ಹೊರಗೆ ಅಧಿಕಾರಿಯ ಜೀಪು ನಿಂತಿತು. ಕಿಟಕಿ ನಾನಿನ್ನೂ ತೆರೆದಿಲ್ಲ. ಒಳಗೆ ಬಂದ ಕೂಡಲೇ ಇದೆಂತ ವಾಸನೆ ಎಂದು ಅವರೇ ಕೇಳಲಿ.