ಎರಡಾಳು ನೀರಿನ ಲೆಕ್ಕ

ನೆಲ್ಯಹುದಿಕೇರಿ ಬಳಿಯ ಎಸ್ಟೇಟ್ ಲೈನು, ಕೂಲಿಗಳ ಸಾಲುಮನೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಡ ಹಿಡಿದ ಹೆಂಗಸರು ಬಾವಿ ಸುತ್ತ ನಿಂತಿದ್ದಾರೆ. ಕಟ್ಟೆಯ ಮೇಲೆ ಎರಡೂ ಕೈ ಅಗಲಿಸಿ ಕೂತವರು ಸಾಂತಪ್ಪ. ಒಂದು ತೊಟ್ಟು ನೀರನ್ನೂ ಸೇದಲು ಬಿಡುತ್ತಿಲ್ಲ. ಅತ್ತ ಕೆಲಸದ ಗಂಟೆ ಬಾರಿಸಿ ಆಗಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಟ್ಟಪ್ಪ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಸಾಂತಪ್ಪ ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ಬಾವಿಗಳಿಗೆ ಔಷಧಿ ಹಾಕುವ ಆಳು. ಈ ಮೂವತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಪಕ್ಕದ ತೋಟದಲ್ಲಿ ವಾಂತಿಭೇದಿಗೆ ಮೂವರು ಹೋಗಿಬಿಟ್ಟಿದ್ದಾರೆ. ಈ ಲೈನಿನ ತೊಂಬತ್ತು ಜನರಿಗೂ ಇರುವುದು ಇದೊಂದೇ ಬಾವಿ. ಸಾಂತಪ್ಪನವರ ಹೆಗಲಲ್ಲಿ ಬಿಳಿ ಪುಡಿಯ ಡಬ್ಬಿ, ಸೊಂಟದಲ್ಲಿ ಅಡಿಗೊಂದು ಗಂಟು ಹಾಕಿದ ಹಗ್ಗ. ದಿನಕ್ಕೆ ಏಳು ಬಾವಿ, ಹನ್ನೊಂದು ಮೈಲಿ ನಡಿಗೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಇವರ ಲೆಕ್ಕ ನೋಡಿ ಪೇಪರಿಗೆ ಬರೆಯುವ ನನಗೆ ನಾಚಿಕೆಯಾಯಿತು. "ದುಂಡು ಬಾವಿಯಾದ್ರೆ ಅಗಲವನ್ನ ಅಗಲದಿಂದಲೇ ಗುಣಿಸೋದು. ಆಮೇಲೆ ನೀರಿನ ಆಳದಿಂದ, ಆಮೇಲೆ ಐದರಿಂದ. ಗ್ಯಾಲನ್ ಬಂತು. ನೂರು ಗ್ಯಾಲನ್‌ಗೆ ಒಂದು ತೊಲ ಪುಡಿ." ಈ ಐದು ಎಲ್ಲಿಂದ ಬಂತು ಎಂದರೆ ಡಾಕ್ಟರು ಹೇಳಿಕೊಟ್ಟದ್ದು ಎನ್ನುತ್ತಾರೆ. ಹೈಸ್ಕೂಲು ಮುಗಿಸಿದ ನಾನು ಇಪ್ಪತ್ತೆರಡು ಬೈ ಏಳು, ಘನ ಅಡಿಗೆ ಆರೂಕಾಲು ಗ್ಯಾಲನ್ ಎಂದು ಅರ್ಧ ಹಾಳೆ ಗೀಚಿದೆ. ಬಂದದ್ದು ಐದಕ್ಕೆ ಕೂದಲೆಳೆಯಷ್ಟು ಕಡಿಮೆ!

ಇಷ್ಟು ಬಲ್ಲವರು ನಿನ್ನೆ ಎಡವಿದ್ದಾರೆ. ಹಗ್ಗ ತುಂಡಾಗಿ ಬಾವಿಗೆ ಬಿತ್ತು. ನೀರೆಷ್ಟು ಎಂದು ಕೇಳಿದ್ದಕ್ಕೆ ಕುಟ್ಟಪ್ಪ, ಲೈನಿನವರು ಹೇಳುವಂತೆ, ಎರಡಾಳು ಎಂದರು. ನಿಂತ ಆಳಿನ ಎತ್ತರ ಐದೂವರೆ ಅಡಿ ಎಂದು ಹಿಡಿದರೆ ಎರಡಾಳಿಗೆ ಹನ್ನೊಂದು. ಬಾವಿಯ ಅಗಲ ಆರಡಿ. ಒಂದು ಸಾವಿರದ ಒಂಬೈನೂರ ಎಂಬತ್ತು ಗ್ಯಾಲನ್, ಇಪ್ಪತ್ತು ತೊಲ. ಸಾಂತಪ್ಪ ಅಷ್ಟನ್ನೇ ಹಾಕಿ ಹೋದರು. ಆದರೆ ಬಾಯಿಮಾತಿನ ಅಳತೆ ನಂಬಿದೆನಲ್ಲ ಎಂಬ ಕೊರೆತ ಬಿಡದೆ, ಬೆಳಕಾಗುವ ಮೊದಲೇ ಹೊಸ ಹಗ್ಗ ಹೊಸೆದು ಓಡಿ ಬಂದಿದ್ದಾರೆ.

ಹಗ್ಗ ಇಳಿಯಿತು. ಮೇಲೆ ಬಂದಾಗ ಒದ್ದೆಯಾದ ಗಂಟು ಎಣಿಸಿದರು. ಹದಿನೈದು.

ಎರಡಾಳಿಗೆ ಹನ್ನೊಂದೇ ಅಲ್ಲವೇ ಎನ್ನುತ್ತ ಸಾಂತಪ್ಪ ಮತ್ತೆ ಎಣಿಸಿದರು. ಮೊದಲು ಬಾಯಿ ಬಿಟ್ಟದ್ದು ಲೈನಿನ ಹಿರಿಯಾಕೆ ಮುತ್ತಿ. ತಲೆಯ ಮೇಲೆ ನೆಟ್ಟಗೆ ಕೈ ಎತ್ತಿ ತೋರಿಸಿದಳು. "ನಮ್ಮ ಆಳು ಅಂದ್ರೆ ಹಿಂಗೆ ಅಯ್ಯಾ, ಕೈ ಎತ್ತಿದ ಆಳು. ಬಾವಿಗಿಳಿದವ ಸುಮ್ನೆ ಕೈ ಕಟ್ಟಿ ನಿಲ್ತಾನಾ?"

ಆಳೊಂದಕ್ಕೆ ಏಳೂವರೆ ಅಡಿ. ನೀರು ಎರಡು ಸಾವಿರದ ಏಳುನೂರು ಗ್ಯಾಲನ್. ಪುಡಿ ಏಳು ತೊಲ ಕಡಿಮೆ ಬಿದ್ದಿದೆ. ನಿನ್ನೆ ಸಂಜೆ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿಸಿದರು. ಕುಟ್ಟಪ್ಪ ಈಗ ಬೈಯಲಿಲ್ಲ, ತಾವೇ ಮನೆಮನೆಗೆ ಹೋಗಿ ಹೇಳಿ ಬಂದರು. ಸಾಂತಪ್ಪ ಏಳು ತೊಲ ತೂಗಿ, ಬಕೆಟಿನಲ್ಲಿ ಕದಡಿ, ಬಾವಿಗೆ ಇಳಿಬಿಟ್ಟು ಕಲಕಿದರು. ಪುಡಿ ನೀರಿಗೆ ಹಿಡಿಯಲೆಂದು ಅರ್ಧ ಗಂಟೆ ಕಾದರು. ವಾಸನೆಗೆ ಮೂಗು ಮುರಿದವರ ಎದುರು ಮೊದಲ ಚೊಂಬನ್ನು ಸಾಂತಪ್ಪನವರೇ ಎತ್ತಿ ಕುಡಿದರು.

ಅದಾಗಿ ಇಂದಿಗೆ ಹದಿನೆಂಟು ದಿನ. ಲೈನಿನಲ್ಲಿ ಒಬ್ಬರಿಗೂ ಹೊಟ್ಟೆನೋವು ಕೂಡ ಬಂದಿಲ್ಲ. ಅಬ್ಬಾ, ಬರೆಯುವಾಗಲೇ ನನಗೆ ಉಸಿರು ಸಲೀಸಾಗುತ್ತಿದೆ. ಆ ತಪ್ಪನ್ನು ಪೇಪರಿನಲ್ಲಿ ಹಾಕಬಹುದೇ ಎಂದು ಅಳುಕುತ್ತಲೇ ಕೇಳಿದೆ. ಸಾಂತಪ್ಪ ಡಬ್ಬಿಯನ್ನು ಹೆಗಲಿಗೇರಿಸಿಕೊಂಡರು.

"ಹಾಕಿ ಸ್ವಾಮಿ. ಇಷ್ಟು ದಿನ ಸರಿಯಾಗಿ ಊಟ ಸೇರಿರಲಿಲ್ಲ, ನಿನ್ನೆ ಎರಡು ಸಲ ಬಡಿಸಿಕೊಂಡೆ. ಇನ್ನೊಬ್ಬ ಔಷಧಿಯವ ಓದಲಿ. ಎರಡಾಳು ಅಂದಾಗ ಯಾರ ಆಳು ಅಂತ ಅವನಾದ್ರೂ ಕೇಳಲಿ."