ನನ್ನ ಎಡಗಾಲಿನ ಪಕ್ಕ ಓಡುವುದು ಏನು?

ಇದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಎರಡೇ ನಿಮಿಷದಲ್ಲಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಕಾಲೇಜಿನಲ್ಲಿದ್ದಷ್ಟು ಕಾಲ ಚರ್ಚಾಸ್ಪರ್ಧೆಗಳಲ್ಲಿ ಮಾಡಿದ್ದು ಅದನ್ನೇ. ಈಗ ಗೋಣಿಕೊಪ್ಪದಲ್ಲಿ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿ ಕಲಿಯುತ್ತಿರುವುದೂ ಅದನ್ನೇ. ಸಾಕ್ಷಿ ಎಲ್ಲಿ? ಕತ್ತಲಲ್ಲಿ ಎಷ್ಟು ಕಂಡಿತು? ಭಯದಲ್ಲಿ ಕಿವಿ ಸುಳ್ಳು ಹೇಳಿಲ್ಲ ಅಂತ ಹೇಗೆ ಗೊತ್ತು? ಈ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಹಾಕಿಕೊಂಡಾಗಿದೆ. ನಂಬಿ ಅಂತ ನಾನು ಗೋಗರೆಯುವುದಿಲ್ಲ. ಆದರೆ ನಡೆದದ್ದು ನಡೆದದ್ದೇ. ನನ್ನ ವಾದದಲ್ಲಿ ತೂತು ಎಲ್ಲಿದೆ ಅಂತ ನೀವು ತೋರಿಸಿಕೊಟ್ಟರೆ ನಿಜವಾಗಿಯೂ ನೆಮ್ಮದಿಯಾಗಿ ಮಲಗುತ್ತೇನೆ.

ನಮ್ಮ ಮನೆ ತಿತಿಮತಿಯ ಹತ್ತಿರ, ತೋಟ ಮುಗಿದು ಕಾಡು ಶುರುವಾಗುವಲ್ಲಿ. ನಾನು ಮ್ಯಾರಥಾನ್ ಓಡುತ್ತೇನೆ. ಪದಕ ಗೆಲ್ಲುವ ಓಟವಲ್ಲ, ಹವ್ಯಾಸದ ಓಟ. ಹೋದ ವರ್ಷ ಮೈಸೂರಿನಲ್ಲಿ ನಲವತ್ತೆರಡು ಕಿಲೋಮೀಟರನ್ನು ನಾಲ್ಕು ಗಂಟೆಯೊಳಗೆ ಮುಗಿಸುತ್ತೇನೆ ಅಂತ ಹೊರಟವಳು, ಹನ್ನೊಂದು ನಿಮಿಷ ತಡವಾಗಿ, ಕುಂಟುತ್ತಾ ಬಂದು ಮುಟ್ಟಿದ್ದೆ. ಈ ಸಲ ಆ ನಾಲ್ಕು ಗಂಟೆಯ ಗೆರೆ ದಾಟಲೇಬೇಕಿತ್ತು.

"ನಾಲ್ಕು ಗಂಟೆಲಿ ನಾನು ಮೈಸೂರಿಗೆ ಹೋಗಿ, ದೋಸೆ ತಿಂದು, ವಾಪಸ್ ಬಂದು ಕೂತಿರ್ತೇನೆ ಮಾರಾಯ್ತಿ," ಅನ್ನುತ್ತಿದ್ದರು ದಿನೇಶ್ ಬಾವ. ಅಕ್ಕನ ಗಂಡ. ಅಕ್ಕ-ಬಾವನ ಮನೆ ನಮ್ಮ ಮನೆಯ ಮುಂದಿನ ತಿರುವಿನಲ್ಲೇ.

"ಬಸ್ಸು ಕೂಡ ದಾರೀಲಿ ಕೆಟ್ಟು ನಿಲ್ತದೆ ಬಾವ. ನಾನು ನಿಲ್ಲಲ್ಲ."

ಹೇಳುವುದೇನೋ ಹೇಳಿದೆ. ನಿಲ್ಲದೆ ಓಡುವುದಕ್ಕೆ ಈ ಊರು ಬಿಟ್ಟರೆ ತಾನೇ!

ಮೊದಲನೆಯದಾಗಿ ಆನೆ. ಯಾವ ತೋಟದಲ್ಲಿ ಎಷ್ಟು ಆನೆ ನಿಂತಿವೆ ಅಂತ ಫೋನಿನ ಗ್ರೂಪಿನಲ್ಲಿ ಸಂದೇಶ ಬಂದ ಮೇಲೆಯೇ ಯಾವ ರಸ್ತೆ ಅಂತ ತೀರ್ಮಾನ. ವಾರಗಟ್ಟಲೆ ನನಗೆ ಉಳಿಯುತ್ತಿದ್ದದ್ದು ಒಂದೇ ರಸ್ತೆ. ಮರದ ಕೆಳಗೆ ಬಂದರೆ ಕೈಗಡಿಯಾರಕ್ಕೆ ಸಿಗ್ನಲ್ ಸಿಗದು, ನಾನು ನಿಂತಲ್ಲೇ ನಿಂತಿದ್ದೇನೆ ಅಂತ ತೋರಿಸುತ್ತಿತ್ತು. ಏರು-ಇಳಿಜಾರಿನಲ್ಲಿ ಶೂಗಳ ಹಿಮ್ಮಡಿ ಒಂದೇ ಕಡೆ ಸವೆದು ಮೊಣಕಾಲು ಹಿಡಿಯಿತು. ಸೊಂಟದ ನೀರಿನ ಬೆಲ್ಟು ಕುಣಿದು ಕುಣಿದು ಚರ್ಮ ಸುಲಿಯಿತು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನಾಯಿಗಳು.

ತೋಟದ ಕೆಲಸದವರು ಇರುವ ಒಂದೊಂದು ಲೈನ್‌ಮನೆಯ ಮುಂದೆಯೂ ನಾಲ್ಕೈದು. ನಡೆದುಹೋಗುವವರಿಗೆ ಬಾಲ ಅಲ್ಲಾಡಿಸುವ ಅದೇ ನಾಯಿಗಳು, ಓಡುವವಳನ್ನು ಕಂಡರೆ ಹುಲಿಗಳಾಗುತ್ತಿದ್ದವು. ಡಿಸೆಂಬರಿನಲ್ಲಿ ಒಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಇಂಜೆಕ್ಷನ್ನು, ವಿಶ್ರಾಂತಿ ಅಂತ ತರಬೇತಿಯೇ ಹರಿದುಹೋಯಿತು. ನಾಯಿಯನ್ನು ಸಾಕಿದ ಸೆಲ್ವಿ ಲೈನ್‌ಮನೆಯ ಜಗಲಿಯಲ್ಲಿ ನಿಂತು ಪ್ರತಿ ಸಲ ಹೇಳುವುದು ಒಂದೇ ಮಾತು: "ಏನೂ ಮಾಡಲ್ಲ ಮೇಡಂ, ನೀವು ಓಡಬೇಡಿ."

ಓಡಬೇಡಿ! ಓಡುವುದಕ್ಕಲ್ಲದೆ ನಾನು ಅಲ್ಲಿಗೆ ಕಾಫಿ ಕೊಯ್ಯಲು ಬಂದಿದ್ದೇನಾ?

ಸ್ಪರ್ಧೆಗೆ ಕೆಲವೇ ವಾರ ಉಳಿದಿತ್ತು. ಅದಕ್ಕೆ ಮೊದಲು ಮೂವತ್ತು ಕಿಲೋಮೀಟರಿನ ಒಂದು ಉದ್ದದ ಓಟವನ್ನು ನಡುವೆ ನಿಲ್ಲಿಸದೆ ಮುಗಿಸಬೇಕು. ಪ್ರತಿ ಭಾನುವಾರ ಹೊರಡುತ್ತಿದ್ದೆ. ಪ್ರತಿ ಭಾನುವಾರ ನಾಯಿಗಳು ನಿಲ್ಲಿಸುತ್ತಿದ್ದವು. ಸಿಟ್ಟಿನಲ್ಲಿ ಅಳು ಬರುತ್ತಿತ್ತು.

ಆ ಭಾನುವಾರ ಬೆಳಗಾಗುವ ಮೊದಲೇ ಹೊರಟೆ. ಬಿಸಿಲೇರಿದರೆ ಆ ದೂರ ಓಡಲಾಗದು. ಗಾಢ ಕತ್ತಲು. ಹಣೆಗೆ ಕಟ್ಟಿದ ದೀಪದ ಬೆಳಕು ಬಿಟ್ಟರೆ ಏನಿಲ್ಲ. ಕಾಫಿ ಹೂ ಬಿಟ್ಟಿತ್ತು. ಮಲ್ಲಿಗೆಯಂಥ ಆ ವಾಸನೆ ಗಂಟಲವರೆಗೆ ತುಂಬಿಕೊಳ್ಳುತ್ತಿತ್ತು. ದೂರದ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವ ಸದ್ದು... ಚಿಕ್, ಚಿಕ್, ಚಿಕ್...

ಸೆಲ್ವಿಯ ಲೈನ್‌ಮನೆ ಬಂತು. ಬೊಗಳುತ್ತಾ ಎದ್ದವು. ಈ ಸಲ ನಿಲ್ಲಬಾರದು ಅಂತ ಜೋರಾಗಿ ಓಡಿದೆ. ಅವೂ ಬೆನ್ನು ಬಿದ್ದವು. ಮುಂದಿನ ತಿರುವಿನಲ್ಲಿ ಮೂರು ನಾಯಿಗಳು ನನ್ನನ್ನು ಸುತ್ತುವರಿದವು. ಹಿಂದೆ ಸರಿಯುತ್ತಾ ಸರಿಯುತ್ತಾ ರಸ್ತೆ ಬಿಟ್ಟು ಮರಗಳ ಅಡಿಗೆ ಹೋದೆ. ಕಾಲಡಿಯಲ್ಲಿ ದಪ್ಪನೆಯ ತರಗೆಲೆ. ಕೋಲಿಗಾಗಿ ಬಗ್ಗಿ ದೀಪ ತಿರುಗಿಸಿದೆ.

ಸಾಲಾಗಿ ನಾಯಿಗಳು ನನ್ನನ್ನೇ ನೋಡುತ್ತಿದ್ದವು.

ಎದೆ ಒಡೆಯುವುದೊಂದು ಬಾಕಿ. ಆಮೇಲೆ ಗೊತ್ತಾಯಿತು, ಮಣ್ಣಿನವು. ನಾನು ನಿಂತದ್ದು ಅಯ್ಯಪ್ಪನ ದೇವರಕಾಡಿನ ಒಳಗೆ. ಬೇಟೆಯ ದೇವರಲ್ಲವೇ, ಹರಕೆ ಹೊತ್ತವರು ಅವನಿಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ತಲೆಮಾರುಗಳಿಂದ ಒಪ್ಪಿಸಿದವು, ಹಾವಸೆ ಹಿಡಿದು, ಕಿವಿ ಮುರಿದು, ಮರದ ಬುಡದಲ್ಲಿ ಕುಳಿತಿದ್ದವು. ಅವುಗಳ ಮುಂದೆಯೇ ಒಂದು ಕೋಲು. ಹೆಬ್ಬೆರಳಿನ ದಪ್ಪ, ನೆಟ್ಟಗೆ, ಯಾರೋ ದಿನವೂ ಹಿಡಿದು ಸವೆಸಿದಷ್ಟು ನುಣುಪು.

ದೇವರಕಾಡಿನಿಂದ ಒಂದು ಒಣಕಡ್ಡಿಯನ್ನೂ ಹೊರಗೆ ತರಬಾರದು ಅಂತ ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. "ಕಾಡು ಉಳಿಯಲಿ ಅಂತ ಹಿರಿಯರು ಮಾಡಿದ ಉಪಾಯ, ದೇವರಿಗೂ ಕಡ್ಡಿಗೂ ಏನು ಸಂಬಂಧ?" ಅಂತ ವೇದಿಕೆಯ ಮೇಲೆ ವಾದಿಸಿ ಬಹುಮಾನ ಪಡೆದವಳು ನಾನು.

ಕೋಲು ಎತ್ತಿಕೊಂಡೆ.

ಬೊಗಳುತ್ತಿದ್ದ ಮೂರೂ ನಾಯಿಗಳು ಒಮ್ಮೆಲೇ ನಿಂತವು. ನಾನು ಕೋಲು ಬೀಸಿಯೇ ಇರಲಿಲ್ಲ. ಒಂದು ಕುಂಯ್‌ಗುಟ್ಟಿತು. ಇನ್ನೊಂದು ಹೊಟ್ಟೆಯನ್ನು ನೆಲಕ್ಕೆ ಒತ್ತಿ ಹಿಂದೆ ತೆವಳಿತು. ಬಾಲವನ್ನು ಕಾಲ ಸಂದಿಗೆ ಸೇರಿಸಿ ಮೂರೂ ಓಟ ಕಿತ್ತವು.

"ಹೀಗೆ ಬನ್ನಿ ದಾರಿಗೆ," ಅಂತ ನಕ್ಕು, ಕೋಲು ಹಿಡಿದುಕೊಂಡೇ ಓಟ ಮುಂದುವರಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಆ ವಾಸನೆ ಬಂತು. ಕಾಫಿ ಹೂವಿನದಲ್ಲ. ಹಸಿ ಜೇಡಿಮಣ್ಣಿನದು... ಆಗ ತಾನೇ ನೀರು ಹಾಕಿ ಕಲಸಿದಂತೆ. ಮಳೆ ಬಿದ್ದು ತಿಂಗಳುಗಳಾಗಿದ್ದವು. ಸ್ಪ್ರಿಂಕ್ಲರ್ ನೀರು ಬಿದ್ದ ನೆಲ ಇರಬೇಕು ಅಂದುಕೊಂಡೆ.

ಆಮೇಲೆ ಸದ್ದು. ಟಾರಿನ ಮೇಲೆ ಉಗುರು ತಾಗುವ ಸದ್ದು. ಟಕ ಟಕ, ಟಕ ಟಕ... ನನ್ನ ಎಡಮೊಣಕಾಲಿನ ಪಕ್ಕದಲ್ಲೇ.

ದೀಪ ತಿರುಗಿಸಿದೆ. ಖಾಲಿ ರಸ್ತೆ.

ನಾನು ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸಿತು. ಕಡಿಮೆ ಮಾಡಿದರೆ ಅದೂ ಕಡಿಮೆ. ಶೂ ಸದ್ದಿನ ಪ್ರತಿಧ್ವನಿ ಅನ್ನೋಣ ಅಂದರೆ ನನಗಿರುವುದು ಎರಡು ಕಾಲು, ಕೇಳುತ್ತಿದ್ದದ್ದು ನಾಲ್ಕರ ಲೆಕ್ಕ. ಜೊತೆಗೆ ಏದುಸಿರು. ನನ್ನದೇ ಇರಬಹುದು ಅಂತ ಉಸಿರು ಬಿಗಿ ಹಿಡಿದೆ.

ಏದುಸಿರು ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ಆ ದಿನ ಒಂದೇ ಒಂದು ನಾಯಿಯೂ ನನ್ನನ್ನು ತಡೆಯಲಿಲ್ಲ. ಮೂವತ್ತು ಕಿಲೋಮೀಟರನ್ನು ನಾನು ಹಿಂದೆಂದೂ ಓಡದಷ್ಟು ಚೆನ್ನಾಗಿ ಓಡಿ ಮುಗಿಸಿದೆ. ಭಯದ ಓಟವದು, ನಿಜ. ಆದರೆ ಬೆಳಕಾದ ಮೇಲೆ ಸದ್ದೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಉಳಿದದ್ದು ಖುಷಿ ಮಾತ್ರ.

ಆ ಖುಷಿ ಮನೆಯ ಗೇಟಿನವರೆಗೆ.

ನಮ್ಮ ಕೆಂಚನ ಬಗ್ಗೆ ಹೇಳಬೇಕು. ನಾನು ಅಂಗೈಯಲ್ಲಿ ಹಾಲು ಕುಡಿಸಿ ಬೆಳೆಸಿದ ನಾಯಿ. ದಿನವೂ ನನ್ನ ಓಟ ಮುಗಿಯುವ ಹೊತ್ತಿಗೆ ಗೇಟಿನ ಬಳಿ ಕಾದು, ಮೈಮೇಲೆ ಹಾರಿ, ಬೆವರಿನ ಉಪ್ಪನ್ನೆಲ್ಲ ನೆಕ್ಕಿ ಆದ ಮೇಲೆಯೇ ನನ್ನನ್ನು ಒಳಗೆ ಬಿಡುತ್ತಿದ್ದದ್ದು. ಆ ದಿನವೂ ಹಾರಿ ಬಂದ. ಅರ್ಧದಲ್ಲಿ ನಿಂತ. ಅವನು ನೋಡಿದ್ದು ನನ್ನ ಮುಖವನ್ನಲ್ಲ... ಎಡಮೊಣಕಾಲಿನ ಪಕ್ಕವನ್ನು. ಬೆನ್ನ ಮೇಲಿನ ಕೂದಲು ಎದ್ದು ನಿಂತಿತು. ಹಿಂದಕ್ಕೆ ಹಿಂದಕ್ಕೆ ಸರಿದು ಸೌದೆ ಕೊಟ್ಟಿಗೆಯೊಳಗೆ ಸೇರಿಕೊಂಡ. ಕರೆದರೆ ಬರಲಿಲ್ಲ. ಅನ್ನ ಇಟ್ಟರೆ, ನಾನು ಅಲ್ಲಿಂದ ಹೋದ ಮೇಲೆಯೇ ತಿಂದ.

ಕೋಲಿಗೆ ಚಿರತೆಯ ವಾಸನೆ ಹತ್ತಿರಬೇಕು ಅಂತ ನಾನು ತರ್ಕಿಸಿದೆ. ಚಿರತೆ ಮೂತ್ರ ಹೊಯ್ದಿದ್ದರೆ ನಾಯಿಗಳು ಹೆದರುವುದು ಸಹಜ. ಚೆನ್ನಾದ ವಾದ ತಾನೇ? ಕೋಲನ್ನು ಹಿತ್ತಿಲ ಬಾಗಿಲ ಬಳಿ ಒರಗಿಸಿ, ಶೂ, ಬಟ್ಟೆ, ಬೆಲ್ಟು ಎಲ್ಲ ತೊಳೆದು, ಸೋಪು ಹಾಕಿ ಸ್ನಾನ ಮಾಡಿದೆ. ಎರಡು ದಿನ ಬಿಟ್ಟು, ಹಳೆಯ ಶೂ ಹಾಕಿಕೊಂಡು, ಬರಿಗೈಯಲ್ಲಿ ಅದೇ ರಸ್ತೆಯಲ್ಲಿ ಓಡಿದೆ.

ಒಂದು ನಾಯಿಯೂ ಬೊಗಳಲಿಲ್ಲ. ಸೆಲ್ವಿ ಮಾತ್ರ ಜಗಲಿಯಿಂದ ಕೂಗಿದಳು. "ಏನ್ ಮಾಡಿದ್ರಿ ಮೇಡಂ ನಮ್ಮ ನಾಯಿಗಳಿಗೆ? ನೀವು ಇನ್ನೂ ಆ ತಿರುವಲ್ಲಿರುವಾಗಲೇ ಎಲ್ಲ ಮಂಚದ ಅಡಿಗೆ ಹೋಗ್ತಾವೆ. ಹೊಡೆದ್ರಾ?"

"ಏನೂ ಮಾಡಿಲ್ಲ," ಅಂದೆ. ಅವಳದೇ ಮಾತು ನನ್ನ ಬಾಯಿಗೆ ಬಂದಿತ್ತು.

ತಿರುವು ದಾಟಿದೆ. ಜೇಡಿಮಣ್ಣಿನ ವಾಸನೆ... ಟಕ ಟಕ, ಟಕ ಟಕ...

ಆ ದಿನ ನಮ್ಮ ಮನೆಗೆ ಬಂದಿದ್ದ ಬಾವನಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ದೇವರಕಾಡಿಂದ ಕೋಲು ತಂದ್ಯಾ?"

"ಕೋಲಲ್ಲಿ ಏನೂ ಇಲ್ಲ ಬಾವ. ಈವತ್ತು ಕೋಲೇ ಇರ್ಲಿಲ್ಲ."

"ನಿನ್ನ ವಾದ ಕೋರ್ಟಲ್ಲಿ ಇಟ್ಕೋ. ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ. ಈಗ್ಲೇ."

"ಇಟ್ರೆ ನಾನು ಸೋತ ಹಾಗೆ ಅಲ್ವಾ?"

"ಕೆಂಚ ನಿನ್ನ ಹತ್ರ ಬರ್ತಿಲ್ಲ. ಇನ್ನು ಗೆಲ್ಲೂದು ಎಂತ ಉಂಟು?"

ಕೋಲು ತರಲು ಹಿತ್ತಿಲಿಗೆ ಹೋದೆ. ಬಾಗಿಲ ಬಳಿ ಕೋಲು ಇರಲಿಲ್ಲ.

"ಅಮ್ಮಾ, ಇಲ್ಲೊಂದು ಕೋಲಿತ್ತಲ್ಲ?"

ಅಮ್ಮ ಬಚ್ಚಲಮನೆಯಿಂದಲೇ ಕೂಗಿದಳು. "ಅದಾ? ಅವತ್ತೇ ಹಂಡೆ ಒಲೆಗೆ ಹಾಕಿದೆ. ಒಣಗಿತ್ತು, ಚೆಂದ ಉರೀತು. ಆ ನೀರಲ್ಲೇ ನೀನು ಸ್ನಾನ ಮಾಡಿದ್ದು."

ನಮ್ಮ ಕಡೆ ಯಾರ ಮನೆಯ ಹಿತ್ತಿಲಲ್ಲಾದರೂ ಒಣಕೋಲು ಒರಗಿಸಿಟ್ಟರೆ ಅದು ಸೇರುವ ಜಾಗ ಅದೇ. ಅಮ್ಮನನ್ನು ಬೈಯುವ ಹಾಗೂ ಇರಲಿಲ್ಲ. ಬಾವ ಮಾತ್ರ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದರು, "ಹಾಗಾದ್ರೆ... ವಾಪಸ್ ಕೊಡ್ಲಿಕ್ಕೆ ಎಂತದೂ ಉಳ್ದಿಲ್ಲ."

ಮುಂದಿನ ವಾರ ಬಾವ ಒಂದು ಮಣ್ಣಿನ ನಾಯಿ ಮಾಡಿಸಿ ತಂದರು. ಹಗಲಲ್ಲೇ ದೇವರಕಾಡಿಗೆ ಹೋದೆವು. ಈ ಸಲ ಶೂ ಬಿಚ್ಚಿ ಹೊರಗಿಟ್ಟೆ. ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ನನ್ನ ವಿರುದ್ಧದ ಪಕ್ಷದ ಪರವಾಗಿ ನಾನೇ ಮತ ಹಾಕಿದಂತೆ.

ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು. ಸುತ್ತಲೂ ಹಾವಸೆ ಕಟ್ಟಿದ್ದ ನೆಲದಲ್ಲಿ ನಾಲ್ಕು ಪುಟ್ಟ ಪಾದಗಳ ಅಚ್ಚು ಮಾತ್ರ ಬರಿದಾಗಿ ಉಳಿದಿತ್ತು. ಯಾರೋ ಎತ್ತಿಕೊಂಡು ಹೋಗಿರಬೇಕು ಅಂದೆ. "ಇಲ್ಲಿಂದ ಯಾರು ಎತ್ತಿಕೊಂಡು ಹೋಗ್ತಾರೆ?" ಅಂದರು ಬಾವ. ಒಬ್ಬಳು ಹೋಗಿದ್ದಳಲ್ಲ, ಅದನ್ನು ಇಬ್ಬರೂ ಹೇಳಲಿಲ್ಲ.

ಹೊಸ ನಾಯಿಯನ್ನು ಆ ಖಾಲಿ ಜಾಗದಲ್ಲಿ ಇಟ್ಟೆ. ಉರುಳಿತು. ಮಣ್ಣು ಸಮ ಮಾಡಿ ಮತ್ತೆ ಇಟ್ಟೆ. ಮತ್ತೆ ಉರುಳಿತು. ಒಂದು ಗೇಣು ಪಕ್ಕಕ್ಕೆ ಇಟ್ಟರೆ ಗಟ್ಟಿಯಾಗಿ ನಿಂತಿತು. ಆ ಜಾಗದಲ್ಲಿ ಮಾತ್ರ ನಿಲ್ಲಲಿಲ್ಲ... ಅಲ್ಲಿಗೆ ಬರಬೇಕಾದದ್ದು ಬೇರೆ ಇದೆ ಅನ್ನುವಂತೆ.

ಸ್ಪರ್ಧೆಗೆ ಹೋಗದೇ ಇರಬಹುದಿತ್ತು. ಹೋದೆ. ಹೋಗದಿದ್ದರೆ ನಾನು ನಂಬಿದೆ ಅಂತಾಗುತ್ತಿತ್ತು. ಮೈಸೂರಿನಲ್ಲಿ ಇನ್ನೂ ನಸುಕು. ಓಟಗಾರರ ಗುಂಪು, ಧ್ವನಿವರ್ಧಕದ ಗದ್ದಲ. ಓಟದ ಗೆರೆಯ ಪಕ್ಕ ಬೀದಿನಾಯಿಯೊಂದು ಎಲ್ಲರನ್ನೂ ನೋಡಿ ಬೊಗಳುತ್ತಿತ್ತು. ಯಾರೋ ಬಿಸ್ಕೆಟ್ ಎಸೆದರು. ಅಷ್ಟರಲ್ಲಿ ನಾನು ಹತ್ತಿರ ಬಂದೆ. ನಾಯಿ ಬಿಸ್ಕೆಟನ್ನು ಅಲ್ಲೇ ಬಿಟ್ಟು, ಮುಂಗಾಲು ಚಾಚಿ, ತಲೆಯನ್ನು ನೆಲಕ್ಕೆ ಇಟ್ಟಿತು. ಕಣ್ಣು ನನ್ನ ಎಡಮೊಣಕಾಲಿನ ಪಕ್ಕ.

ನಾಲ್ಕು ಗಂಟೆಯೊಳಗೆ ಮುಗಿಸಿದೆ. ಕಾಲು ಸೋತು ನಿಲ್ಲಬೇಕೆನಿಸಿದ ಆ ಕೊನೆಯ ಹತ್ತು ಕಿಲೋಮೀಟರಿನಲ್ಲಿ, ಹಾಡಹಗಲಲ್ಲಿ, ಅಷ್ಟು ಜನರ ನಡುವೆ, ನನ್ನನ್ನು ಎಳೆದುಕೊಂಡು ಹೋದದ್ದು ಆ ಸದ್ದು. ಪದಕವನ್ನು ಗೋಡೆಗೆ ನೇತುಹಾಕಲು ಅಮ್ಮ ಮೊಳೆ ಹೊಡೆದಳು. ನಾನು ಅದರತ್ತ ನೋಡುವುದಿಲ್ಲ.

ಕೆಂಚ ಈಗ ಅಕ್ಕನ ಮನೆಯಲ್ಲಿದ್ದಾನೆ. ನಾನು ಗೇಟಿನ ಹೊರಗೆ ನಿಂತು ಕರೆಯುತ್ತೇನೆ. ಬಾಲ ಒಮ್ಮೆ ಅಲ್ಲಾಡುತ್ತದೆ, ಮರೆತಿಲ್ಲ ಅಂತ. ಆಮೇಲೆ ನನ್ನ ಪಕ್ಕಕ್ಕೆ ನೋಡುತ್ತಾನೆ. ಬಾಲ ನಿಲ್ಲುತ್ತದೆ.

ನನ್ನ ಹೊಸ ಗುರಿ ಯಾವುದು ಅಂತ ಜೊತೆಯ ಓಟಗಾರರು ಕೇಳುತ್ತಾರೆ. ಹೇಳಿದರೆ ನಗುತ್ತಾರೆ. ಈಗಲೂ ಬೆಳಗ್ಗೆ ಹೊರಡುತ್ತೇನೆ. ಸೆಲ್ವಿಯ ಲೈನ್‌ಮನೆ ಬಂದಾಗ ಬೇಕೆಂದೇ ಕಾಲು ಬಡಿದು, ಜೋರಾಗಿ, ಅವುಗಳ ಮೂಗಿನ ಮುಂದೆಯೇ ಓಡುತ್ತೇನೆ. ಆಮೇಲೆ ಕಿವಿಗೊಡುತ್ತೇನೆ... ಒಂದು, ಒಂದೇ ಒಂದು ನಾಯಿ ಬೊಗಳಲಿ.

ರಸ್ತೆ ನಿಶ್ಶಬ್ದವಾಗಿರುತ್ತದೆ. ಟಕ ಟಕ... ಟಕ ಟಕ...